ಸೋರೂದು ನಿಲ್ಲಿಸ್ರಿ, ಮುಳ್ಳು ಮಾತ್ರ ತಗೀಬ್ಯಾಡ್ರಿ

ಅಕ್ಕಾರ, ವೈನ್ಯಾರ, ನೆಟ್ಟಗ ಮಾತಿಗೇ ಬರ್ತೀನಿ. ಹಳೇ ಗಾಡಿ ರೇಡಿಯೇಟರಿನ್ಯಾಗ ಕಾವು ತೋರಸೋ ಮೀಟರ್ ಕೂಡೋ ಜಾಗಾ ಸೋರಲಿಕ್ಕೆ ಹತ್ತಿದ್ರ ಆ ಜಾಗಾ ರಿಪೇರಿ ಮಾಡಸ್ಬೇಕು. ಮೀಟರ್ ಕಿತ್ತಿ, ಆ ತೂತಿಗೆ ಒಂದು ಬೋಲ್ಟ್ ಜಡದು, "ಆತು, ಇನ್ನ ಚಿಂತಿಲ್ಲ" ಅಂತ ಕೈ ತೊಳಕೋಬಾರದು. ನಮ್ಮ ಮನ್ಯಾಗ ಇದರ ಮ್ಯಾಲೆ ಎರಡು ವಾರದಿಂದ ವಾದ ನಡದದ. ಓಣ್ಯಾಗೂ ಸುದ್ದಿ ಹಬ್ಬೇದ. "ಗಾಡಿ ವಿಷಯಕ್ಕ ನೀವ್ಯಾಕ್ರೀ ಇಷ್ಟು ಹಟಾ ಹಿಡದೀರಿ?" ಅಂತ ಮೂರು ನಾಕು ಮಂದಿ ಕೇಳಿದ್ರು. ಎಲ್ಲಾರಿಗೂ ಕೂಡೇ ಇಲ್ಲೆ ಉತ್ತರ ಬರೀತೀನಿ.

ನಮ್ಮ ಮಾವನವರ ಗಾಡಿ ನಿಮಗ ಗೊತ್ತೇ ಅದ. ಕಟ್ಟಿ ಬಾಜೂಕ ಶೆಡ್ಡಿನ್ಯಾಗ ನಿಲ್ಲೋ ಬೂದಿ ಬಣ್ಣದ ಮೊರಿಸ್ ಮೈನರ್, 1951ರದ್ದು. ಗಾಡಿ ಹುಚ್ಚಿನವರು "ವಿಂಟೇಜ್ ಅಂದ್ರ 1930ರ ತನಕಾ ಮಾಡಿದ್ದು ಅಷ್ಟ" ಅಂತ ವಾದಾ ಮಾಡ್ತಾರ. ನಮ್ಮ ಸರಕಾರ 2021ರಾಗ ಮಾಡಿದ ನಿಯಮದಾಗ 50 ವರ್ಷ ದಾಟಿ, ಮೂಲ ರೂಪದಾಗ ಇದ್ದ ಗಾಡಿ ವಿಂಟೇಜ್. ಆ ಲೆಕ್ಕಕ್ಕ ನಮ್ಮದೂ ಬರ್ತದ. ಆದ್ರ ನಮಗ ಅದು ಪ್ರದರ್ಶನದ ಸಾಮಾನಲ್ಲ. ನಮ್ಮ ಅತ್ತಿಯವರಿಗೆ ಈಗ 84. ಶನಿವಾರ ಒಮ್ಮೊಮ್ಮೆ ನುಗ್ಗಿಕೇರಿ ಹಣಮಪ್ಪನ ದರ್ಶನಕ್ಕ ಇದೇ ಗಾಡ್ಯಾಗ ಹೋಗಬೇಕಂತಾರ, ಬ್ಯಾರೇ ಗಾಡಿ ತಂದ್ರ "ತಲಿ ಬಗ್ಗಿಸಿ ಹತ್ತಲಿಕ್ಕೆ ಆಗಂಗಿಲ್ಲ" ಅಂತ ಒಳಗ ಹೋಗಿಬಿಡ್ತಾರ. ಬರೋ ವೈಶಾಖದಾಗ ನಮ್ಮ ಮೈದುನನ ಮಗಳ ಲಗ್ನ ಹುಬ್ಬಳ್ಳ್ಯಾಗ ಅದ. "ಕಾರ್ಯಾಲಯಕ್ಕ ಅಜ್ಜನ ಗಾಡ್ಯಾಗs ಬರಾಕಿ" ಅಂತ ಆ ಹುಡುಗಿ ಹಟಾ. ಧಾರವಾಡದಿಂದ ಹುಬ್ಬಳ್ಳಿಗೆ 20 ಕಿಲೋಮೀಟರ್, ಬ್ಯಾಸಿಗಿ ಬಿಸಲು, ನಡುವ ಸಿಗ್ನಲ್ಲು, ಗದ್ದಲ. ಗಾಡ್ಯಾಗ ಮದುಮಗಳು, ಬಾಜೂಕ ಅಜ್ಜಿ. ಹಿಂಗಿರೋವಾಗ ಆ ಮುಳ್ಳು ಇರಬೇಕೋ ಬ್ಯಾಡೋ ಅನ್ನೂದು ಗಂಡಸರು ಕಟ್ಟೀ ಮ್ಯಾಲೆ ಕೂತು ಐದು ನಿಮಿಷಕ್ಕ ತೀರ್ಮಾನ ಮಾಡೋ ವಿಷಯ ಅಲ್ಲ.

ಮೊದಲ ಈ ಗಾಡ್ಯಾಗ ನೀರು ಹೆಂಗ ತಿರಗತದ ಅಂತ ತಿಳ್ಕೋರಿ, ಆಮ್ಯಾಲೆ ನನ್ನ ಹಟಾ ನಿಮಗೂ ತಿಳೀತದ. ನಮ್ಮ ಮೊರಿಸ್ ಮೈನರಿನ 918 ಸಿಸಿ ಇಂಜಿನ್ನಿಗೆ ನೀರು ನೂಕೋ ಪಂಪ್ ಇಲ್ಲ. ಈಗಿನ ಎಲ್ಲಾ ಕಾರಿಗೂ ಪಂಪ್ ಇರ್ತದ, ಇದಕ್ಕಿಲ್ಲ. ನೀರು ತನ್ನಷ್ಟಕ್ಕ ತಾನs ತಿರಗತದ. ಅನ್ನಕ್ಕ ಎಸರಿಟ್ಟಾಗ ನೋಡೀರಲ್ಲ, ತಳದಾಗಿನ ನೀರು ಕಾದು ಮ್ಯಾಲೆ ಏಳ್ತದ, ಮ್ಯಾಲಿನ ತಣ್ಣೀರು ಕೆಳಗ ಇಳೀತದ. ಹಂಗs ಇಲ್ಲೆ. ಇಂಜಿನ್ನಿನ್ಯಾಗ ಕಾದ ನೀರು ಮ್ಯಾಲಿನ ಪೈಪಿನಿಂದ ಏರಿ ರೇಡಿಯೇಟರಿನ ನೆತ್ತಿ ಮ್ಯಾಲಿನ ಡಬ್ಬಿಗೆ ಬರ್ತದ. ಅಲ್ಲಿಂದ ಸಣ್ಣ ಸಣ್ಣ ನಳಿಗೆಯೊಳಗ ಇಳಕೋತ ಗಾಳಿಗೆ ತಣ್ಣಗಾಗಿ, ಕೆಳಗಿನ ಪೈಪಿನಿಂದ ಮತ್ತ ಇಂಜಿನ್ನಿಗೆ ಹೋಗ್ತದ. ಬಹಳ ಛಂದದ ವ್ಯವಸ್ಥಾ. ಆದ್ರ ಒಂದು ಶರ್ತು ಅದ: ನೀರಿನ ಮಟ್ಟ ಮ್ಯಾಲಿನ ಪೈಪಿನ ಬಾಯಿಗಿಂತ ಮ್ಯಾಲೇ ಇರಬೇಕು. ಅದಕ್ಕಿಂತ ಕೆಳಗ ಇಳೀತಂದ್ರ ಸರಪಳಿ ಕಡದಂಗ, ನೀರು ತಿರಗೂದು ನಿಂತುಬಿಡ್ತದ. ರೇಡಿಯೇಟರಿನ್ಯಾಗ ಮುಕ್ಕಾಲು ಪಾಲು ನೀರು ಇದ್ರೂ ಇಂಜಿನ್ನಿಗೆ ಅದರ ಉಪಯೋಗ ಇಲ್ಲ.

ಇನ್ನ ಮೀಟರ್. ಈ ಗಾಡಿಗೆ ಕಂಪನಿಯವರು ಕಾವಿನ ಮೀಟರ್ ಕೊಟ್ಟಿದ್ದಿಲ್ಲ. ನಮ್ಮ ಮಾವನವರು ಆಮ್ಯಾಲೆ ಹಾಕಿಸಿದ್ದು. ನೆತ್ತಿ ಮ್ಯಾಲಿನ ಹಿತ್ತಾಳಿ ಡಬ್ಬಿಗೆ ಒಂದು ತೂತು ಕೊರಿಸಿ, ಅದಕ್ಕ ಥ್ರೆಡ್ ಇದ್ದ ಹಿತ್ತಾಳಿ ಬಳಿ ಬೆಸಿಗಿ ಹಾಕಿಸಿ, ಆ ಬಳಿಯೊಳಗ ಮೀಟರಿನ ಗುಂಡು ಕೂಡಿಸ್ಯಾರ. ಗುಂಡು ಅಂದ್ರ ಬಟ್ಟಿನಷ್ಟು ದಪ್ಪದ ಒಂದು ಕೊಳವಿ, ಅದರಾಗ ಈಥರ್ ತುಂಬಿರ್ತದ. ಕಾವಿಗೆ ಈಥರಿನ ಒತ್ತಡ ಏರ್ತದ. ಆ ಒತ್ತಡ ಕೂದಲಿಗಿಂತ ತುಸು ದಪ್ಪ ತೂತಿನ ತಾಮ್ರದ ನಳಿಗೆಯೊಳಗಿಂದ ಮುಂದಿನ ಮೀಟರಿಗೆ ಹೋಗ್ತದ. ಅಲ್ಲೆ ಬಾಗಿದ ಒಂದು ಚಪ್ಪಟಿ ಕೊಳವಿ ಇರ್ತದ. ಜಾತ್ರ್ಯಾಗ ಹುಡುಗರು ಊದೋ ಸುರುಳಿ ಪೀಪಿ ನೋಡೀರಲ್ಲ, ಊದಿದ ಕೂಡಲೇ ಬಿಚ್ಚಿಕೋತದ. ಹಂಗs ಈ ಕೊಳವಿ ಒತ್ತಡಕ್ಕ ಒಂಚೂರು ನೆಟ್ಟಗಾಗ್ತದ, ಮುಳ್ಳು ತಿರಗತದ. ಕರೆಂಟ್ ಬ್ಯಾಡ, ಬ್ಯಾಟರಿ ಬ್ಯಾಡ. ಇಷ್ಟ ಅದರ ಕಥಿ.

ಈಗ ಸೋರೂದು ಎಲ್ಲೆ ಅಂದ್ರ ಆ ಗುಂಡು ಕೂಡೋ ಜಾಗಾದಾಗ. ನಮ್ಮ ಗಾಡ್ಯಾಗ ಆ ಜಾಗಾ ಮ್ಯಾಲಿನ ಪೈಪಿನ ಬಾಯಿಗಿಂತ ತುಸು ಕೆಳಗ ಅದ. ಲೆಕ್ಕಾ ಹಾಕ್ರಿ. ನೀರು ಸೋರಿ ಸೋರಿ ಆ ಮಟ್ಟಕ್ಕ ಇಳಿಯೋ ಹೊತ್ತಿಗೆ ಪೈಪಿನ ಬಾಯಿ ಆಗಲೇ ಬರಿದಾಗಿರ್ತದ, ನೀರು ತಿರಗೂದು ನಿಂತಿರ್ತದ. ಗುಂಡಿನ ಅರ್ಧಾ ನೀರಾಗ, ಅರ್ಧಾ ಹೊರಗ. ಗುಂಡಿಗೆ ನೀರು ತಾಕಲಿಲ್ಲಂದ್ರ ಮುಳ್ಳು ಏರೂದು ಬಿಟ್ಟು ಇಳೀಲಿಕ್ಕೂ ಸಾಕು. ನಡಸೋ ಹುಡುಗ "ಓಹೋ, ಗಾಡಿ ತಣ್ಣಗದ" ಅಂತ ಇನ್ನಷ್ಟು ಒತ್ತತಾನ. ಅತ್ತಾಗ ಇಂಜಿನ್ ಕುದ್ದು ಹೋಗ್ತಿರ್ತದ. ಅಂದ್ರ ನೀರು ಅಲ್ಲೀ ತನಕಾ ಇಳೀತಂದ್ರ ಹೇಳೋರ ಬಾಯೇ ಮೊದಲ ಬಂದ್ ಆಗ್ತದ. ಅದಕ್ಕs "ಹನಿ ಹನಿ ಸೋರತದ, ಬಿಡ್ರಿ, ಒಂದು ತಂಬಿಗಿ ನೀರು ಇಟಗೊಂಡು ಹೋದ್ರಾತು" ಅನ್ನೋ ಮಾತು ನನಗ ಹಿಡಸಂಗಿಲ್ಲ.

ಮೆಕ್ಯಾನಿಕ್ ಬಂದವರು ಬಾನೆಟ್ ಎತ್ತಿ ನೋಡಿ, "ಮೀಟರ್ ತಗದು ಬೋಲ್ಟ್ ಹಾಕಿಬಿಡೂಣ್ರಿ, ಸುತ್ತ ಸೀಲ್ ಮೆತ್ತೂಣು, ಇಪ್ಪತ್ತು ರೂಪಾಯಿ ಕೆಲಸ" ಅಂದ್ರು. ನಮ್ಮ ಮನಿಯವರು ತಲಿ ಅಲ್ಲಾಡಿಸಿದ್ರು. ಮೈದುನನೂ "ಕಂಪನಿ ಕೊಡಲಾರದ ಮೀಟರ್ ಇದ್ದರೇನು, ಬಿಟ್ಟರೇನು" ಅಂದ. ನಾನು ಕೇಳಿದ್ದು ಒಂದs ಪ್ರಶ್ನಿ: "ಸೋರೂದು ನಟ್ಟಿನಿಂದನೋ, ಬಳೀ ಬುಡದಿಂದನೋ?" ಯಾರ ಹತ್ರನೂ ಉತ್ತರ ಇದ್ದಿದ್ದಿಲ್ಲ. ಎಲ್ಲೆ ಸೋರತದ ಅಂತ ನೋಡಲಾರದs ಔಷಧ ಬರದಿದ್ರು!

ಅದನ್ನ ನೋಡೂದು ಕಷ್ಟೇನಿಲ್ಲ, ಮನ್ಯಾಗಿನ ಸಾಮಾನಿನ್ಯಾಗs ಆಗ್ತದ. ಗಾಡಿ ಪೂರ್ತಿ ತಣ್ಣಗಿದ್ದಾಗ ಆ ಜಾಗಾ ಒಣ ಅರಿವೀಲೆ ಒರಸ್ರಿ. ಮಾರಿಗೆ ಹಚ್ಚೋ ಪೌಡರ್ ತೆಳ್ಳಗ ಉದುರಸ್ರಿ. ಆಮ್ಯಾಲೆ ಇಂಜಿನ್ ಚಾಲೂ ಮಾಡಿ ದೂರ ನಿಂತು ನೋಡ್ರಿ, ಫ್ಯಾನಿನ ಹತ್ರ ಸೆರಗು ಒಯ್ಯಬ್ಯಾಡ್ರಿ. ನೀರು ಎಲ್ಲಿಂದ ಮೊದಲ ಒಸರತದೋ ಅಲ್ಲೆ ಪೌಡರ್ ಕಪ್ಪಾಗ್ತದ. ನಮ್ಮ ಗಾಡ್ಯಾಗ ನಟ್ಟಿನ ಸುತ್ತ ಪೌಡರ್ ಬೆಳ್ಳಗs ಉಳೀತು. ಹಿತ್ತಾಳಿ ಬಳಿ ಡಬ್ಬಿಗೆ ಕೂಡಿದ ಬೆಸಿಗಿ ಮ್ಯಾಲೆ ಕೂದಲೆಳಿಯಷ್ಟು ತೆಳ್ಳಗ ಒಂದು ಹಸಿ ಗೆರಿ ಮೂಡಿತು. ಅಂದ್ರ ಬೋಲ್ಟ್ ಜಡದಿದ್ರೂ ಸೋರೂದು ನಿಲ್ತಿದ್ದಿಲ್ಲ. ಮುಳ್ಳೂ ಹೋಗ್ತಿತ್ತು, ಸೋರೂದೂ ಉಳೀತಿತ್ತು. ಇದನ್ನ ಕಣ್ಣಾರೆ ತೋರಿಸಿದ ಮ್ಯಾಲೆ ವಾದ ಅರ್ಧಕ್ಕ ಇಳೀತು.

ಇನ್ನರ್ಧ ಉಳದದ, ಯಾಕಂದ್ರ ಎಲ್ಲಾರ ಹತ್ರನೂ ಒಂದೊಂದು ಸುಲಭದ ಉಪಾಯ ಅದ. ಒಂದೊಂದಕ್ಕ ನನ್ನ ಉತ್ತರ ಹೇಳ್ತೀನಿ.

ನಟ್ಟು ಇನ್ನಷ್ಟು ಬಿಗಿ ಮಾಡೂದು. ನಮ್ಮ ಹುಡುಗ ಪಾನಾ ಹಿಡಕೊಂಡು ತಯಾರೇ ಇದ್ದ. ಸೋರೂದು ಬೆಸಿಗ್ಯಾಗ ಇದ್ದಾಗ ನಟ್ಟು ತಿರವಿದ್ರ ಆ ಜೋರೆಲ್ಲಾ ಬೆಸಿಗಿ ಮ್ಯಾಲೆ ಬೀಳ್ತದ, ಗೆರಿ ಹೋಗಿ ಬಿರಕು ಆಗ್ತದ. ಅದೂ ಅಲ್ಲದ ಈಗಿನ ಮಿಲಿಮೀಟರ್ ಪಾನಾ ಹಳೇ ಇಂಗ್ಲಿಷ್ ನಟ್ಟಿಗೆ ಸರಿಯಾಗಿ ಕೂಡಂಗಿಲ್ಲ, ಮೂಲಿ ತಿಂದು ಗುಂಡಗ ಮಾಡಿಬಿಡ್ತದ.

ಕಣಕ ಕಲಸಿದಂಗ ಎರಡು ಬಣ್ಣ ಕಲಸಿ ಮೆತ್ತೋ ಸೀಲು. ನಳದ ಪೈಪಿಗೆ, ತೊಟ್ಟಿಗೆ ಅದು ಛೊಲೋ. ಇಲ್ಲೆ ಡಬ್ಬಿ ಕಾಯ್ತದ, ಆರ್ತದ, ಇಂಜಿನ್ ಕೂಡ ನಡಗತದ. ಹಿತ್ತಾಳಿ ಹಿಗ್ಗೋ ಲೆಕ್ಕನ ಬ್ಯಾರೆ, ಅದು ಹಿಗ್ಗೋ ಲೆಕ್ಕನ ಬ್ಯಾರೆ. ಇವತ್ತಿಲ್ಲ ನಾಳೆ ಪದರು ಬಿಟ್ಟು ಬರ್ತದ. ಮುಂದ ಬೆಸಿಗಿ ಹಾಕೋರಿಗೆ ಆ ಹೊಲಸು ಕೆರದು ತಗಿಯೂದs ದೊಡ್ಡ ಕೆಲಸ.

ನಳಕ್ಕ ಸುತ್ತೋ ಬಿಳೀ ಟೇಪು. ಅದು ಬಿಗಿ ಆದಂಗ ದಪ್ಪ ಆಗೋ ಥ್ರೆಡ್ಡಿಗೆ ಸರಿ. ಈ ಜೋಡಣ್ಯಾಗ ನೀರು ತಡಿಯೂದು ವಾಷರ್, ಥ್ರೆಡ್ ಅಲ್ಲ. ವಾಷರ್ ಕೆಟ್ಟಿದ್ರ ವಾಷರ್ ಹಾಕಬೇಕು.

ಅರಿಷಿಣ ಪುಡಿ. ನಗಬ್ಯಾಡ್ರಿ, ಲಾರಿ ಡ್ರೈವರ್‌ಗಳು ದಾರ್ಯಾಗ ರೇಡಿಯೇಟರ್ ಸೋರಿದ್ರ ಖರೇನ ಅರಿಷಿಣ ಹಾಕ್ತಾರ. ಊರು ಮುಟ್ಟೋ ತನಕಾ ಅದು ನಡೀಬಹುದು. ಆದ್ರ ನಮ್ಮ ಗಾಡ್ಯಾಗ ನೀರು ನೂಕೋರು ಯಾರೂ ಇಲ್ಲ ಅಂತ ಆಗಲೇ ಹೇಳಿದೆ. ಸಣ್ಣ ನಳಿಗೆಯೊಳಗ ಅರಿಷಿಣ ಕೂತು ರಾಡಿ ಆತಂದ್ರ ತನ್ನಷ್ಟಕ್ಕ ತಿರಗೋ ನೀರಿಗೆ ದಾರಿ ಎಲ್ಲೆ? ಒಂದು ತೂತು ಮುಚ್ಚಲಿಕ್ಕೆ ಹೋಗಿ ಇಪ್ಪತ್ತು ಮುಚ್ಚಿದಂಗ.

ಹಂಗಾರ ಖರೇ ರಿಪೇರಿ ಏನು? ಮೊದಲ ನೀರು ಇಳಸೂದು, ಆಮ್ಯಾಲೆ ಗುಂಡು ಬಿಚ್ಚೂದು. ಇದರಾಗ ಒಂದs ಮಾತು ನೆನಪಿಟ್ಟರ ಸಾಕು: ತಿರಗಬೇಕಾದ್ದು ನಟ್ಟು ಅಷ್ಟ, ಗುಂಡಲ್ಲ. ಗುಂಡು, ತಾಮ್ರದ ನಳಿಗಿ, ಮೀಟರ್, ಮೂರೂ ಕೂಡಿ ಒಂದೇ ಸಾಮಾನು. ನಟ್ಟಿನ ಜೋಡಿ ಗುಂಡೂ ತಿರಗಿದ್ರ ನಳಿಗಿ ಹಿಂಡಿ ಮುರೀತದ, ಈಥರ್ ಹೋಗ್ತದ, ಮೀಟರ್ ಸತ್ತಂಗ. ಹಿಂದಿನ ದಿನ ರಾತ್ರಿ ನಟ್ಟಿಗೆ ಜಂಗು ಬಿಡಸೋ ಎಣ್ಣಿ ಹಾಕಿಡಬೇಕು, ಮರುದಿನ ಒಬ್ಬರು ಗುಂಡು ಹಿಡಕೋಬೇಕು, ಇನ್ನೊಬ್ಬರು ನಟ್ಟು ಸವಕಾಶ ತಿರವಬೇಕು. ನಮ್ಮಲ್ಲೆ ಗುಂಡು ಹಿಡಕೊಂಡಾಕಿ ನಾನs.

ಒಳಗಿನ ವಾಷರ್ ಬಿಸ್ಕೀಟಿನಂಗ ಗರಿಗರಿ ಆಗಿತ್ತು. ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿ ಆತಂದ್ರ ನಾವು ಕುಕ್ಕರ್ ಒಗೀತೀವೇನು? ಗ್ಯಾಸ್ಕೆಟ್ ಬದಲಾಸ್ತೀವಿ. ಇದೂ ಅಷ್ಟ. ಸೋರೂದು ಇನ್ನೂ ಅಲ್ಲಿಂದ ಶುರು ಆಗಿರಲಿಲ್ಲ, ಆದ್ರ ಬಿಚ್ಚಿದ ಮ್ಯಾಲೆ ಹಳೇದನ್ನ ಮತ್ತ ಹಾಕಬಾರದು. ಫೈಬರ್ ವಾಷರ್ ಸಿಗಲಿಲ್ಲಂದ್ರ ತಾಮ್ರದ್ದು ನಡೀತದ. ತಾಮ್ರದ್ದನ್ನ ಒಲೀ ಮ್ಯಾಲೆ ಕೆಂಪಗ ಕಾಯಿಸಿ ಆರಿಸಿದ್ರ ಮೆತ್ತಗಾಗ್ತದ, ಛೊಲೋ ಕೂಡ್ತದ.

ಗುಂಡು ಕೈಯಾಗ ಬಂದಾಗ ಮೀಟರ್ ಖರೇ ಹೇಳ್ತದೋ ಇಲ್ಲೋ ಅಂತ ನೋಡಿಬಿಡ್ರಿ. ಪಾತೇಲಿ ತುಂಬ ನೀರು ಕುದಿಸಿ, ಗ್ಯಾಸ್ ಆರಿಸಿ, ಪಾತೇಲಿ ಒಲಿಯಿಂದ ದೂರ ಇಳಸ್ರಿ. ಈಥರ್ ಬೆಂಕಿಗೆ ಹತ್ತೋ ಸಾಮಾನು, ಉರಿ ಹತ್ರ ಬ್ಯಾಡ. ಆಮ್ಯಾಲೆ ಗುಂಡು ಮುಳಗಸ್ರಿ. ನಮ್ಮದು ಫ್ಯಾರನ್‌ಹೀಟ್ ಮೀಟರ್. ಸಮುದ್ರದ ದಂಡಿ ಊರಾಗ ನೀರು 212ಕ್ಕ ಕುದೀತದ. ಧಾರವಾಡ 700 ಮೀಟರಿನ ಮ್ಯಾಲೆ ಅದ, ಇಲ್ಲೆ 207-208ರ ಆಸುಪಾಸಿಗೇ ಕುದೀತದ. ಒಲಿಯಿಂದ ಇಳಿಸಿದ ನೀರು ಅದಕ್ಕಿಂತ ತುಸು ಕಡಿಮಿ ತೋರಸ್ಬೇಕು. ಮುಳ್ಳು 200ಕ್ಕ ಹೋಗಿ ನಿಂತಿತು, ನೀರು ಆರಿದಂಗ ಸವಕಾಶ ಇಳೀತು. ಎಷ್ಟೋ ವರ್ಷ ಆತು ಅದನ್ನ ಹಾಕಿಸಿ, ಇನ್ನೂ ಸರಿಯಾಗಿ ಹೇಳ್ತದ. ಇಂಥಾದನ್ನ ಕಿತ್ತಿ ಬೋಲ್ಟ್ ಹಾಕ್ತಾರಂತ!

ಉಳದದ್ದು ಬೆಸಿಗಿ. ಅದು ಮನಿ ಕೆಲಸ ಅಲ್ಲ, ರೇಡಿಯೇಟರ್ ಬಿಚ್ಚಿಕೊಂಡು ಬೆಸಿಗಿ ಬಲ್ಲವರ ಹತ್ರ ಒಯ್ಯಬೇಕು. ಆದ್ರ ಅದರ ಗುಟ್ಟು ನಮಗೆಲ್ಲಾ ಗೊತ್ತಿದ್ದದ್ದೇ. ನಾವು ಸಣ್ಣವರಿದ್ದಾಗ ಕಲಾಯಿ ಹಾಕೋರು ಓಣಿಗೆ ಬರ್ತಿದ್ರು, ನೆನಪದ ಏನ್ರಿ? ಭಾಂಡೆ ಬೂದಿ, ಉಸುಕು ಹಾಕಿ ಥಳಾಥಳಾ ಆಗೋ ತನಕಾ ತಿಕ್ಕತಿದ್ರು, ಕಾಯಿಸಿ ನವಸಾಗರ ಉದುರಸ್ತಿದ್ರು, ಬಿಳೀ ಹೊಗಿ ಏಳ್ತಿತ್ತು, ಆಮ್ಯಾಲೆ ತವರ ಮುಟ್ಟಿಸಿದ್ರ ಬೆಣ್ಣಿ ಹಂಗ ಹರೀತಿತ್ತು. ಹೊಲಸು ಇದ್ದಲ್ಲೆ ತವರ ಹಿಡೀತಿದ್ದಿಲ್ಲ. ಬೆಸಿಗೀನೂ ಹಂಗs, ತವರದ ಜೋಡಿ ಸೀಸ ಕೂಡಿರ್ತದ, ನವಸಾಗರದ ಬದಲಿ ಬ್ಯಾರೇ ಆಸಿಡ್ ಹಚ್ಚತಾರ, ಅಷ್ಟ. ಈ ಬೆಸಿಗಿ 183 ಡಿಗ್ರಿಗೇ ಕರಗಲಿಕ್ಕೆ ಹತ್ತತದ, ಹಿತ್ತಾಳಿ ಕರಗಬೇಕಂದ್ರ 900 ದಾಟಬೇಕು. ಹಿಂಗಾಗಿ ಡಬ್ಬಿಗೆ ಏನೂ ಆಗಂಗಿಲ್ಲ. ಹಳೇ ಬಣ್ಣ, ಸುಣ್ಣದ ಪದರು ಕೆರದು ಹಿತ್ತಾಳಿ ಬಂಗಾರದಂಗ ಹೊಳೀಬೇಕು, ಗುಂಡು ಮೊದಲೇ ತಗದಿರಬೇಕು, ಬೆಸಿಗಿ ಬಳೀ ಸುತ್ತ ಪೂರ್ತಿ ಹರೀಬೇಕು. ಆಮ್ಯಾಲೆ ಸೈಕಲ್ ಟ್ಯೂಬ್ ಪಂಕ್ಚರ್ ನೋಡ್ತಾರಲ್ಲ, ಹಂಗ ನೀರಾಗ ಮುಳಗಿಸಿ ಕಡಿಮಿ ಗಾಳಿ ಬಿಟ್ಟು ಗುಳ್ಳಿ ಬರ್ತಾವೋ ಅಂತ ನೋಡಬೇಕು. ಹುಬ್ಬಳ್ಳ್ಯಾಗ ಲಾರಿ ರೇಡಿಯೇಟರ್ ರಿಪೇರಿ ಮಾಡೋ ಹಿರೇ ಮನಷ್ಯಾ ಒಬ್ಬರು ಫೋಟೋ ನೋಡಿ "ಎರಡು ದಿನಾ ಬಿಡ್ರಿ ತಂಗೀ, 600 ರೂಪಾಯಿ" ಅಂದಾರ.

ನಮ್ಮ ಮನಿಯವರ ತಕರಾರು ಈಗ ಆ 600 ರೂಪಾಯಿ, ಎರಡು ದಿನಾ, ರೇಡಿಯೇಟರ್ ಬಿಚ್ಚೋ ಕಿರಿಕಿರಿ. ಅವರ ಮಾತಿನ್ಯಾಗೂ ಹುರುಳಿಲ್ಲ ಅಂತ ನಾ ಅನ್ನಂಗಿಲ್ಲ. ಹಳೇ ಸಾಮಾನು ಬಿಚ್ಚಿದಷ್ಟೂ ಕೆಲಸ ಹೆಚ್ಚಾಗ್ತದ, ಒಂದು ಪೈಪ್ ಮುಟ್ಟಿದ್ರ ಇನ್ನೊಂದು ಕೈಗೆ ಬರ್ತದ. ಮೀಟರ್ ಖರೇನ ಸತ್ತಿತ್ತಂದ್ರ, ಗಾಡಿ ಶೆಡ್ಡಿನಿಂದ ಅಂಗಳಕ್ಕ ತರೂದು ಅಷ್ಟs ಇತ್ತಂದ್ರ, ತಾತ್ಪೂರ್ತಿಕ ಬೋಲ್ಟ್ ಹಾಕಿದ್ರೂ ನಾ ಸುಮ್ಮನಿರ್ತಿದ್ದೆ. ಆದ್ರ ಮೀಟರ್ ಜೀವಂತ ಅದ, ಗಾಡಿ ರಸ್ತೇಕ್ಕ ಇಳಿಯೂದದ, ಅದರಾಗ ಮಂದಿ ಕೂಡೋರದಾರ. ಇಂಜಿನ್ ಕುದ್ದು ಮ್ಯಾಲಿನ ಹೆಡ್ ಸೊಟ್ಟಾತು ಅಂದ್ರ 600 ಎಲ್ಲೆ, ಅದರ ಖರ್ಚೆಲ್ಲೆ? 70 ವರ್ಷ ದಾಟಿದ ಇಂಜಿನ್ನಿಗೆ ಸಾಮಾನು ಹುಡಕಲಿಕ್ಕೆ ಹೊಂಟ್ರ ಲಗ್ನ ಮುಗದು ಕೂಸಿನ ಬಾರಸೀನೂ ಆಗಿರ್ತದ.

ಇನ್ನೆರಡು ಮಾತು ಗಾಡಿ ಇದ್ದವರಿಗೂ ಇಲ್ಲದವರಿಗೂ. ಬಿಸೀ ರೇಡಿಯೇಟರಿನ ಮುಚ್ಚಳ ಎಂದೂ ತಗೀಬ್ಯಾಡ್ರಿ. ಒಳಗಿನ ಉಗಿ, ಕುದಿಯೋ ನೀರು ಮಾರಿಗೇ ಹಾರತಾವ. ಕೈ ಇಟ್ಟರ ತಣ್ಣಗ ಅನ್ನಸೋ ತನಕಾ ತಾಳ್ರಿ, ಆಮ್ಯಾಲೆ ದಪ್ಪ ಅರಿವಿ ಹಾಕಿ ಸವಕಾಶ ತಗೀರಿ. ಕುದ್ದ ಇಂಜಿನ್ನಿಗೆ ಒಮ್ಮಿಂದೊಮ್ಮೆ ತಣ್ಣೀರು ಸುರುವಿದ್ರ ಬೀಡು ಬಿರಕು ಬಿಡಬಹುದು. ಎರಡನೇದ್ದು, ಈಗ ಬಹಳ ಮಂದಿ ನೀರಿಗೆ ಹಸರು ಇಲ್ಲಾ ಕೆಂಪು ಕೂಲಂಟ್ ಕೂಡಸ್ತಾರ. ಜಂಗು ಹಿಡೀಬಾರದಂತ ಅದು ಬೇಕು, ಆದ್ರ ಅದು ವಿಷ, ಮ್ಯಾಲೆ ರುಚಿ ಸಿಹಿ. ನೆಲಕ್ಕ ಸೋರಿದ್ರ ನಾಯಿ ಬೆಕ್ಕು ನೆಕ್ಕತಾವ, ತೆವಳೋ ಕೂಸು ಕೈ ಅದ್ದತದ. ಸೋರಿದ್ದನ್ನ ಕೂಡಲೇ ತೊಳೀರಿ, ಉಳದ ಡಬ್ಬಿ ಎತ್ತರದಾಗಿಡ್ರಿ. ಬೋರಿನ ಗಡಸು ನೀರು ಹಾಕಬ್ಯಾಡ್ರಿ. ನೀರು ಕಾಯಸೋ ಭಾಂಡೆ ತಳದಾಗ ಕೂಡೋ ಬಿಳೀ ಸುಣ್ಣ ರೇಡಿಯೇಟರಿನ ನಳಿಗೆಯೊಳಗೂ ಕೂಡ್ತದ.

"ಇದೆಲ್ಲಾ ನಿಮಗ್ಯಾಕ ಬೇಕು, ಗಂಡಸರು ನೋಡಕೋತಾರ" ಅನ್ನೋರಿಗೆ ನಾ ಇಷ್ಟ ಹೇಳ್ತೀನಿ. ಕುಕ್ಕರ್ ಸೀಟಿ ಆಗವಲ್ದು ಅಂದ್ರ ಸೀಟೀನ ಕಿತ್ತಿ ಒಗದು ಅಡಗಿ ಮಾಡೋ ಹೆಣಮಗಳು ನಮ್ಮ ಓಣ್ಯಾಗ ಒಬ್ಬಾಕೀನೂ ಇಲ್ಲ. ಬಿಸಿ, ಉಗಿ, ರಬ್ಬರು, ತವರ, ಸುಣ್ಣ, ಇವುಗಳ ಜೋಡಿ ನಮ್ಮ ಸಂಸಾರ ಮೂವತ್ತು ನಲವತ್ತು ವರ್ಷದ್ದು. ಪಿಯುಸಿ ಕಲ್ತದ್ದು ಸಾಕು, ಕಣ್ಣು ತೆರದು ನೋಡಿದ್ರ ರೇಡಿಯೇಟರೂ ತಿಳೀತದ. ಗಾಡ್ಯಾಗ ಕೂಡೋರು ನಾವು, ನಮ್ಮ ಮಕ್ಕಳು, ನಮ್ಮ ಅತ್ತಿ. ಕೇಳೋ ಹಕ್ಕು ನಮಗದ.

ಈ ಗುರುವಾರ ರೇಡಿಯೇಟರ್ ಹುಬ್ಬಳ್ಳಿಗೆ ಹೋಗ್ತದ. ದುಡ್ಡು ನನ್ನ ಡಬ್ಬ್ಯಾಗಿಂದು, ಹಿಂಗಾಗಿ ಮಾತು ಮುಗೀತು. ವಾಪಸ್ ಬಂದ ಮ್ಯಾಲೆ ನುಗ್ಗಿಕೇರಿ ತನಕಾ ಎರಡು ಸಲ ಓಡಿಸಿ ನೋಡ್ತೀವಿ, ಮತ್ತ ಪೌಡರ್ ಉದುರಿಸಿ ನೋಡ್ತೀವಿ. ಒಣಗೇ ಉಳೀತಂದ್ರ ಮದುಮಗಳು ಅದರಾಗs ಹೋಗ್ತಾಳ. ಲಗ್ನಕ್ಕ ನೀವೆಲ್ಲಾ ಬರೋರೇ ಇದ್ದೀರಿ, ಗಾಡಿ ಹತ್ರ ಬಂದಾಗ ಒಳಗ ಬಗ್ಗಿ ಆ ಮೀಟರ್ ಒಮ್ಮೆ ನೋಡ್ರಿ. ಮುಳ್ಳು 180ರ ಹತ್ರ ನಿಂತಿದ್ರ ಎಲ್ಲಾ ಕ್ಷೇಮ, 200 ದಾಟಿತಂದ್ರ ಹುಡುಗಗ ಹೇಳಿ ಗಾಡಿ ನೆರಳಿಗೆ ನಿಲ್ಲಿಸಸ್ರಿ.